ಬೇರೆ ಕಂಪನಿಯ ಲೆನ್ಸಿನಲ್ಲಿ ಕಂಡ ಬೆರಳು

ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ನಿಟ್ಟುವಳ್ಳಿಯ ರೂಪಶ್ರೀ ಬೈಯುವುದಿಲ್ಲ. ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ ತಮ್ಮ ಫೋಟೊ ಸ್ಟುಡಿಯೋದ ಮೇಜಿನ ಮೇಲಿಟ್ಟು ಕ್ಯಾಮೆರಾ ಹಿಡಿಯುತ್ತಾಳೆ. ಚಹಾಕ್ಕೆ ಕಾಯುವ ಗಂಡ ಪ್ರಶಾಂತ ಹೊರಗೆ ಕೂತು ಗೊಣಗುತ್ತಾನೆ. ಮದುವೆ, ಸೀಮಂತಗಳ ಫೋಟೊ ಅವನ ಪಾಲು. ಪಾಸ್‌ಪೋರ್ಟ್ ಸೈಜು, ಜೆರಾಕ್ಸು, ಲ್ಯಾಮಿನೇಶನ್ ಇವಳ ಪಾಲು. ಕೆಲಸ ಇಬ್ಬರದ್ದಾದರೂ ಓಣಿಯವರಿಗೆ ಅವನು ಫೋಟೊಗ್ರಾಫರು, ಇವಳು ಫೋಟೊಗ್ರಾಫರ ಹೆಂಡತಿ. ನಮ್ಮ ಓಣಿಗಳ ಕಣ್ಣಿಗೆ ಯಾವ ಲೆನ್ಸ್ ಹಾಕಬೇಕೋ ಗೊತ್ತಿಲ್ಲ.

ಉಂಗುರ, ತಾಳಿಯನ್ನು ಹತ್ತಿರದಿಂದ ತೆಗೆಯಲು ಒಂದು ಮ್ಯಾಕ್ರೋ ಲೆನ್ಸ್ ಬೇಕೆಂದು ಇಬ್ಬರೂ ಹಳೆ ಕ್ಯಾಮೆರಾ ರಿಪೇರಿ ಮಾಡುವ ಖಲೀಲನ ಅಂಗಡಿಗೆ ಹೋದರು. ಕ್ಯಾಮೆರಾ ಕಂಪನಿಯದೇ ಲೆನ್ಸಿನ ಬೆಲೆ ಕೇಳಿ ಪ್ರಶಾಂತ ಎದ್ದು ಹೊರಗೆ ಬಂದ. ರೂಪಶ್ರೀ ಏಳಲಿಲ್ಲ.

"ಬ್ಯಾರೆ ಕಂಪನಿದು ಐತೆ ನೋಡಕ್ಕ," ಎಂದ ಖಲೀಲ್. "ಗ್ಲಾಸು ಅವ್ವಲ್ ನಂಬರ್. ಆದ್ರೆ ಫೋಕಸ್ ತಾನಾಗೇ ಆಗಂಗಿಲ್ಲ, ಕೈಲಿ ತಿರುವಬೇಕು. ಎರಡು ನಮೂನಿ ಅದಾವು, ಅರವತ್ತು ಎಂಎಂ, ನೂರು ಎಂಎಂ."

ಅವಳು ಎರಡನ್ನೂ ಅಲ್ಲೇ ಗಾಜಿನ ಮೇಲೆ ಓಡಾಡುತ್ತಿದ್ದ ಇರುವೆಯ ಮೇಲೆ ಪ್ರಯೋಗಿಸಿದಳು. ಅರವತ್ತರದ್ದನ್ನು ಇರುವೆಯ ಮೂಗಿಗೇ ತಾಗಿಸುವಷ್ಟು ಒಯ್ಯಬೇಕು; ಅಷ್ಟರಲ್ಲಿ ಲೆನ್ಸಿನ ನೆರಳೇ ಬಿದ್ದು ಕತ್ತಲಾಗಿ ಇರುವೆ ಓಡಿಹೋಗುತ್ತಿತ್ತು. ನೂರರದ್ದು ಗೇಣಿನಷ್ಟು ದೂರ ನಿಂತೇ ಅದೇ ಗಾತ್ರ ತೋರಿಸಿತು.

"ದೂರ ನಿಂತು ಮಾತಾಡ್ಸೋದನ್ನ ಕೊಡು ಖಲೀಲಣ್ಣ. ಇರುವಿಗೂ ಒಂದು ಮರ್ಯಾದಿ ಐತಲ್ಲ."

ಮನೆಗೆ ತಂದು ಹಾಕಿದರೆ ಶಟರ್ ಒತ್ತಲು ಬರದು. ಕ್ಯಾಮೆರಾಕ್ಕೆ ಲೆನ್ಸ್ ಇರುವುದೇ ತಿಳಿಯುತ್ತಿಲ್ಲ. ಪ್ರಶಾಂತನಿಗೆ ಹಬ್ಬ. "ನಿನ್ನ ಲೆನ್ಸಿಂದು ಆಧಾರ್ ಲಿಂಕ್ ಆಗಿಲ್ಲ ಬಿಡು! ಅಗ್ಗದ್ದು ಬ್ಯಾಡ ಅಂದ್ರೆ ಕೇಳ್ಲಿಲ್ಲ. ನಾಳೆ ಫೋಟೊನೂ ಮಸುಕು ಬರ್ತಾವು, ಬರೆದಿಟ್ಕ."

ರೂಪಶ್ರೀ ಮೆನುವಿನಲ್ಲಿ ಹುಡುಕಿ ಹುಡುಕಿ, ಲೆನ್ಸ್ ಕಾಣದಿದ್ದರೂ ಫೋಟೊ ತೆಗೆ ಎಂಬ ಆಯ್ಕೆ ಕಂಡುಹಿಡಿದು ಒತ್ತಿದಳು. ಕ್ಲಿಕ್ ಎಂದಿತು. ಕ್ಯಾಮೆರಾ ಮಾಡಿದವರಿಗೆ ಇಷ್ಟು ತಿಳಿದಿದೆ: ನನ್ನ ಯಂತ್ರಕ್ಕೆ ಗುರುತು ಸಿಗದ ಮಾತ್ರಕ್ಕೆ ಎದುರಿಗಿರುವುದು ಇಲ್ಲವೆಂದಲ್ಲ. ಪಡಿತರಕ್ಕೆ ಬಡವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಮಾಡಿದವರಿಗೆ ಇದು ಹೊಳೆಯಲಿಲ್ಲ.

ಹರಿಹರದ ಬಳಿಯ ಸಾರಥಿ ಎಂಬ ಹಳ್ಳಿ ಅವಳ ತವರು. ಭಾನುವಾರ ಬಂದರೆ ಅಣ್ಣನ ಗದ್ದೆಯ ಬದುವಿನಲ್ಲಿ ಬೋರಲು ಮಲಗಿ ಜೇಡನಿಗೆ ಕಾಯುವಳು. ಅಲ್ಲೇ ಒಂದು ಉಪಾಯ ಕೈಹತ್ತಿತು. ಇಷ್ಟು ಹತ್ತಿರದಲ್ಲಿ ಲೆನ್ಸಿನ ಫೋಕಸ್ ಬಳೆ ತಿರುಗಿಸುತ್ತಾ ಕೂತರೆ ಕೆಲಸ ಕೆಟ್ಟಿತು. ಬಳೆಯನ್ನು ಒಂದೇ ಕಡೆ ಬಿಟ್ಟು, ಉಸಿರು ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸಬೇಕು. ಜೇಡನ ಕಣ್ಣು ಹೊಳೆದ ಕ್ಷಣ ಒತ್ತಬೇಕು. ಕಣ್ಣು ಚೊಕ್ಕವಾಗಿ ಬಂದರೆ ಕಾಲು ಮಸುಕು. ಎರಡೂ ಬೇಕೆಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ ಬೆಳಕು ಹೆಚ್ಚಿಸಬೇಕು. ಗದ್ದೆಗೆ ಕೂಲಿಗೆ ಬಂದವರು, "ಅಕ್ಕಾರು ಏನೋ ಕಳ್ಕಂಡಾರೆ," ಎಂದು ತಾವೂ ಹುಡುಕಲು ಕೂತದ್ದುಂಟು.

ಒಂದು ಮಧ್ಯಾಹ್ನ ಅವಳು ಮಂಡಕ್ಕಿಯ ಒಂದು ಕಾಳನ್ನು ಕರಿ ಬಟ್ಟೆಯ ಮೇಲಿಟ್ಟು ಫೋಟೊ ತೆಗೆಯುತ್ತಿದ್ದಾಗ ಕೊಟ್ರವ್ವ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದಳು. ಕೊಟ್ರವ್ವ ಅದೇ ಓಣಿಯವಳು, ಮಂಡಕ್ಕಿ ಭಟ್ಟಿಯ ಕೆಲಸದಾಕೆ. ಪರದೆಯ ಮೇಲೆ ಕಾಳು ಸುಣ್ಣದ ಗುಹೆಯಂತೆ ಬಾಯಿ ತೆರೆದಿತ್ತು.

"ಯವ್ವಾ! ಇಷ್ಟು ವರ್ಷ ಹುರ್ದೀನಿ, ಇದರೊಳಗ ಇಷ್ಟು ಮನಿ ಅದಾವು ಅಂತ ಗೊತ್ತಿರ್ಲಿಲ್ಲ ನೋಡ್ರಿ," ಎಂದು ನಕ್ಕಳು.

"ಜೆರಾಕ್ಸ್ ಯಾತಕ್ಕ ಕೊಟ್ರವ್ವ?"

ನಗು ನಿಂತಿತು. ಪಡಿತರ ಅಂಗಡಿಯ ಮಿಷಿನ್ನು ಅವಳ ಬೆರಳನ್ನು ಒಪ್ಪುತ್ತಿಲ್ಲ. ಕಾರ್ಡಿನಲ್ಲಿರುವವರೆಲ್ಲ ಬೆರಳು ಒತ್ತಬೇಕಂತೆ; ಮಗಳು ಬಿಂದುವಿನದು ಆಯಿತು, ಇವಳದು ಆಗಲಿಲ್ಲ. ತಿಂಗಳ ಕೊನೆಯೊಳಗೆ ಬೆರಳು ಕೂಡದಿದ್ದರೆ ಕಾರ್ಡಿನಿಂದ ಇವಳ ಹೆಸರು ತೆಗೆಯುತ್ತಾರಂತೆ. ಜೆರಾಕ್ಸ್ ಕೊಟ್ಟು ಕೈಮುಗಿದು ನೋಡೋಣವೆಂದು ಹೊರಟಿದ್ದಾಳೆ. ಅಕ್ಕಿಯನ್ನು ಹುರಿದು ಊರಿಗೆಲ್ಲ ಮಂಡಕ್ಕಿ ತಿನ್ನಿಸುವ ಕೈಗೆ ಅಕ್ಕಿ ಇಲ್ಲ!

"ಬೆರಳು ತೋರ್ಸು," ಎಂದಳು ರೂಪಶ್ರೀ. ಮರುಕಕ್ಕಿಂತ ಕುತೂಹಲವೇ ಹೆಚ್ಚಿತ್ತು. ಬಲಗೈಯನ್ನು ಮೇಜಿನ ಮೇಲಿಡಿಸಿ, ಗೆರೆಗಳ ನೆರಳು ಬೀಳಲೆಂದು ಟಾರ್ಚನ್ನು ಪಕ್ಕದಲ್ಲಿ ಮಲಗಿಸಿಟ್ಟಳು. ಕೊಟ್ರವ್ವನ ನಾಡಿ ಬಡಿದಂತೆಲ್ಲ ಪರದೆಯಲ್ಲಿ ಬೆರಳು ಅಲುಗುತ್ತಿತ್ತು. ಹಲವು ಸಲ ಒತ್ತಿದರೂ ಒಂದೇ ಚಿತ್ರ: ನೀರು ಸವೆಸಿದ ಕಲ್ಲಿನಂತೆ ನುಣುಪು, ಅಲ್ಲಲ್ಲಿ ಸುಟ್ಟ ಚುಕ್ಕೆ. ಗೆರೆಯೇ ಇಲ್ಲ.

ಪ್ರಶಾಂತ ಇಣುಕಿದ. "ಹೇಳಿದ್ನಲ್ಲ, ಮಸುಕು."

ರೂಪಶ್ರೀಗೂ ಅನುಮಾನ ಬಂತು. ಲೆನ್ಸ್ ಕೆಟ್ಟಿದೆಯೋ, ಬೆರಳು ಕೆಟ್ಟಿದೆಯೋ? ತನ್ನ ಬೆರಳಿಟ್ಟು ನೋಡೋಣವೆಂದರೆ ಎರಡೂ ಕೈಯಲ್ಲಿ ಕ್ಯಾಮೆರಾ. "ಆ ಕಡಿ ಕೈ ಇಡು ಕೊಟ್ರವ್ವ," ಎಂದಳು.

ಎಡಗೈ ಉಂಗುರದ ಬೆರಳು ಪರದೆ ತುಂಬ ಬಂತು. ಉತ್ತ ಹೊಲದಂತೆ ಸಾಲು ಸಾಲು ಗೆರೆ.

ಲೆನ್ಸ್ ಕೆಟ್ಟಿಲ್ಲವೆಂದು ರೂಪಶ್ರೀ ಕ್ಯಾಮೆರಾ ಕೆಳಗಿಟ್ಟಳು.

"ನೀನು ಭಟ್ಟ್ಯಾಗ ಯಾವ ಕೈ ಹಚ್ಚತೀ?"

"ಬಿಸಿ ಮರಳಿಗೆ ಬಲಗೈಯೇ ಅಲ್ಲೇನ್ರಿ. ಎಡಗೈಲಿ ಜರಡಿ ಹಿಡ್ಕಂತೀನಿ."

"ಮಿಷಿನ್ನಿಗೆ ಎಡಗೈ ಕೊಟ್ಟಿಯೇನು?"

ಕೊಟ್ರವ್ವ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಅನ್ನಕ್ಕ ಎಡಗೈ ಹೆಂಗ್ ಒಡ್ಲಿ ರೂಪಕ್ಕ? ಕೊಡೋನು ಮಾರಿ ಮ್ಯಾಲೆ ಒಗೀತಾನ."

ರೂಪಶ್ರೀ ಚಪ್ಪಲಿ ಮೆಟ್ಟಿ ಅವಳನ್ನು ಕರೆದುಕೊಂಡು ಹೊರಟಳು.

ಪಡಿತರ ಅಂಗಡಿಯ ಕೆಂಚವೀರಪ್ಪ ವಯಸ್ಸಾದವರು, ಕೆಟ್ಟವರಲ್ಲ. ದಿನಾ ಬೆಳಿಗ್ಗೆ ತಕ್ಕಡಿಗೂ ಬೆರಳಿನ ಮಿಷಿನ್ನಿಗೂ ವಿಭೂತಿ ಹಚ್ಚಿ ಕೈಮುಗಿದೇ ಶುರು ಮಾಡುವವರು. ವಿಷಯ ಕೇಳಿ ಅವರ ಮುಖ ಕಿರಿದಾಯಿತು.

"ಎಡಗೈನಾ? ಬೆಳಗ್ಗೆ ಪೂಜಿ ಮಾಡಿದ್ದು ತಾಯಿ ಇದು."

"ಅಜ್ಜಾರ, ಎಡಗೈ ಬ್ಯಾಡ ಅಂತ ರೂಲ್ಸ್ ಐತೇನ್ರಿ?"

"ರೂಲ್ಸ್ ಇಲ್ಲ. ಹತ್ತು ಬೆರಳಾಗ ಯಾವ್ದಾದ್ರೂ ನಡೀತೈತಿ." ತಮ್ಮ ಮಾತಿಗೆ ತಾವೇ ತಡೆದು ನಿಂತರು. "ನಾನು ಯಾರಿಗೂ ಎಡಗೈ ಕೇಳೇ ಇಲ್ಲ ನೋಡು."

ಈಗ ಕೊಟ್ರವ್ವನದೇ ತೀರ್ಮಾನ. ಹಿಂದೆ ಸಾಲು ನಿಂತಿತ್ತು. ಯಾರೋ "ಬೇಗ ಮಾಡವ್ವ" ಎಂದರು. ಅವಳು ಎಡಗೈ ಹೊರತೆಗೆದು, ಸೀರೆಗೆ ಒರೆಸಿ, ತಲೆ ತಗ್ಗಿಸಿ, ಉಂಗುರದ ಬೆರಳನ್ನು ಗಾಜಿನ ಮೇಲೆ ಇಟ್ಟಳು. ಮೊದಲ ಸಲ ಇಲ್ಲವೆಂದಿತು. ಕೆಂಚವೀರಪ್ಪ ಗಾಜಿನ ಮೇಲಿನ ವಿಭೂತಿ ಪುಡಿಯನ್ನು ತಮ್ಮ ಪಂಚೆಯ ಚುಂಗಿನಿಂದಲೇ ಒರೆಸಿ, "ಇನ್ನೊಮ್ಮೆ ಇಡು," ಎಂದರು. ಇಟ್ಟಳು. ಪರದೆಯಲ್ಲಿ ಅವಳ ಹೆಸರು ಮೂಡಿತು.

"ಬಂತು!" ಎಂದರು, ತಮ್ಮ ಮನೆಯಲ್ಲೇ ಮಗು ಹುಟ್ಟಿದವರಂತೆ. ಸಾಲಿನತ್ತ ತಿರುಗಿ ಕೂಗಿದರು. "ಗಿರಿಯಮ್ಮ, ಹೋದ ವಾರ ವಾಪಸ್ ಹೋದ್ಯಲ್ಲ, ನೀನೂ ಎಡಗೈ ಇಡು ಬಾ!"

ಭಟ್ಟಿಯ ಇನ್ನೊಬ್ಬ ಹೆಂಗಸು ಮುಂದೆ ಬಂದಳು. ಎಡಗೈಯ ಒಂದೊಂದೇ ಬೆರಳಿಟ್ಟಳು. ಮಿಷಿನ್ನು ಒಂದನ್ನೂ ಒಪ್ಪಲಿಲ್ಲ. ರೂಪಶ್ರೀ ಅವಳ ಕೈಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದಳು. ಎರಡೂ ಕೈ ನುಣುಪು.

"ನಾ ಎರಡೂ ಕೈ ಹಚ್ಚಿ ಮಾಡೋಕಿ," ಎಂದಳು ಗಿರಿಯಮ್ಮ. "ಚುರುಕು ಅಂತ ಮಾಲಕ್ರು ಹೊಗಳ್ತಿದ್ರು."

ಕೊಟ್ರವ್ವನ ಅಕ್ಕಿ ತೂಗಿ ಆಗಿತ್ತು. ಅವಳು ಚೀಲದ ಬಾಯಿ ಕಟ್ಟಿದಳು, ಆದರೆ ಎತ್ತಲಿಲ್ಲ.

"ಅಜ್ಜಾರ, ಈಕಿಗೆ ಏನ್ ಮಾಡ್ತೀರಿ ಹೇಳ್ರಿ," ಎಂದು ಚೀಲದ ಮೇಲೇ ಕೂತಳು. "ಅಲ್ಲೀತನ ನಾ ಏಳಂಗಿಲ್ಲ."

ಕೆಂಚವೀರಪ್ಪ ಒಮ್ಮೆ ಮಿಷಿನ್ನನ್ನು, ಒಮ್ಮೆ ಬೆಳೆಯುತ್ತಿದ್ದ ಸಾಲನ್ನು ನೋಡಿ, ಆಹಾರ ಇಲಾಖೆ ಆಫೀಸಿನವರ ನಂಬರು ಹುಡುಕಲು ಮೊಬೈಲು ತೆಗೆದರು.