ಪ್ಲಾಸ್ಟಿಕ್ ಅಜ್ಜನಿಗೆ ಹೇಳಿದ ಸುದ್ದಿ

ಒಂಬತ್ತು ವರ್ಷ, ಪ್ರತಿ ಮೇ ತಿಂಗಳಲ್ಲಿ ನನ್ನ ಕೆಲಸ ಮುಗಿಯುತ್ತಿತ್ತು, ಜೂನಿನಲ್ಲಿ ಮತ್ತೆ ಹುಟ್ಟುತ್ತಿತ್ತು. ನರ್ಸಿಂಗ್ ಕಾಲೇಜಿನ ಗುತ್ತಿಗೆ ಟೀಚರಿಗೆ ಬಾಯಿ ಇರುವುದು ಪಾಠ ಮಾಡಲಿಕ್ಕೆ ಮತ್ತು "ಆಯ್ತು ಮೇಡಂ" ಎನ್ನಲಿಕ್ಕೆ ಮಾತ್ರ. ಕಾಯಂ ಮಾಡಿದ ಪತ್ರ ಬಂದ ಬೆಳಿಗ್ಗೆ, ಔಷಧಿಯ ಲೇಬಲ್ ಓದುವ ನಮ್ಮ ನಿಯಮದಂತೆ ಅದನ್ನು ಮೂರು ಸಲ ಓದಿದೆ: ಕವರಿನಿಂದ ತೆಗೆಯುವಾಗ, ಕೈಯಲ್ಲಿ ಹಿಡಿದು, ವಾಪಸ್ ಇಡುವಾಗ. ಮೂರು ಸಲವೂ ನನ್ನದೇ ಹೆಸರು!

ಕಾಪುವಿನಲ್ಲಿ ಮೀನು ಮಾರುವ ಅಮ್ಮನಿಗೆ ಫೋನ್ ಮಾಡಿದೆ.

"ಹಾಗಾದ್ರೆ ಇಷ್ಟು ವರ್ಷ ನೀನು ಎಂತಕ್ಕೆ ಹೋಗ್ತಾ ಇದ್ದದ್ದು?" ಎಂದವಳು, ಗಿರಾಕಿ ಬಂದರೆಂದು ಫೋನ್ ಇಟ್ಟುಬಿಟ್ಟಳು.

ಕುಣಿಯುತ್ತಲೇ ಲ್ಯಾಬಿಗೆ ಹೋದೆ. ಮಂಚದ ಮೇಲೆ ನಮ್ಮ ಪ್ಲಾಸ್ಟಿಕ್ ರೋಗಿ ಮಲಗಿದ್ದ. ಮುಟ್ಟುವ ಮೊದಲು ಏನು ಮಾಡುತ್ತೇವೆಂದು ರೋಗಿಗೆ ತಿಳಿಸಲೇಬೇಕು, ಡಮ್ಮಿಯಾದರೂ ಸರಿ. ಮರೆತವರ ಮಾರ್ಕು ಕಡಿಮೆ ಮಾಡುವವಳು ನಾನೇ. ಮಕ್ಕಳೆಲ್ಲ ಸುತ್ತ ನಿಂತಿದ್ದರು. ನಾನು ಬಾಗಿ, "ಅಜ್ಜಾ, ನಾನು ಪರ್ಮನೆಂಟ್ ಆದೆ! ಈಗ ಸೂಜಿ ಹಾಕ್ತೇನೆ, ಹೆದರ್ಬೇಡಿ" ಎಂದುಬಿಟ್ಟೆ. ಮಕ್ಕಳ ಕೂಗಿಗೆ ಪಕ್ಕದ ಕ್ಲಾಸಿನವರೂ ಓಡಿ ಬಂದರು.

ಮಧ್ಯಾಹ್ನ ಮೀಟಿಂಗ್. ಪ್ರಿನ್ಸಿಪಾಲರು ಹೇಳಿದರು: "ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್‌ಗಳು ಕಡಿಮೆ ಇದ್ದಾರೆ. ಎರಡನೇ ವರ್ಷದ ಮಕ್ಕಳ ಕ್ಲಾಸ್ ನಿಲ್ಲಿಸಿ ಅಲ್ಲಿಗೆ ಕಳಿಸುವ, ಅಲ್ವಾ?"

"ಆಯ್ತು ಮೇಡಂ" ಎಂದಳು ನನ್ನ ಪಕ್ಕದವಳು. ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ ಟೀಚರ್. ಅವಳದು ಇನ್ನೂ ಗುತ್ತಿಗೆ.

"ಆಗುದಿಲ್ಲ ಮೇಡಂ" ಎಂದಿತು ಇನ್ನೊಂದು ಧ್ವನಿ. ಅಯ್ಯೋ, ನನ್ನದೇ! ಮೇಜಿನ ಕೆಳಗೆ ನಾಡಿ ಹಿಡಿದು ನೋಡಿದೆ, ನೂರು ದಾಟಿತ್ತು. ಬಾಯಿ ಮಾತ್ರ ನಿಲ್ಲಲಿಲ್ಲ: "ಮಕ್ಕಳು ಬಂದದ್ದು ಕಲೀಲಿಕ್ಕೆ. ಸಿಸ್ಟರ್‌ಗಳ ಕೆಲಸಕ್ಕೆ ಅವರನ್ನು ಹಾಕಿದ್ರೆ ಕಲಿಸುವವರು ಯಾರು?"

ಪ್ರಿನ್ಸಿಪಾಲರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಸರಿ, ಬೇರೆ ಎಂತಾದ್ರೂ ನೋಡುವ" ಎಂದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಇದೊಂದು ಮಾತು ಆಡಲಿಕ್ಕೆ ಒಂಬತ್ತು ವರ್ಷ ಬೇಕಾಯಿತೇ ಎಂದು ನಗು ಉಕ್ಕಿ ಬಂತು, ಕೆಮ್ಮಿ ಮುಚ್ಚಿಕೊಂಡೆ.

ಹೊರಗೆ ಬಂದಾಗ ಕಾರ್ಕಳದವಳು ನನ್ನ ಕೋಟಿನ ತೋಳು ಎಳೆದಳು.

"ಅಕ್ಕಾ, ನನ್ನದೂ ಒಂದು ಹೇಳ್ಲಿಕ್ಕೆ ಉಂಟು. ಮುಂದಿನ ಮೀಟಿಂಗಿನಲ್ಲಿ ನಿಮ್ಮದೇ ಅಂತ ಹೇಳಿಬಿಡ್ತೀರಾ?"

ಹೇಳುತ್ತೇನೆ ಎಂದು ಅವಳ ಕೈ ಹಿಡಿದೆ. ಅಭ್ಯಾಸಬಲ, ಬೆರಳು ನಾಡಿಯ ಮೇಲೆಯೇ ಹೋಗಿ ಕೂತಿತು. ಅವಳದು ನನ್ನದಕ್ಕಿಂತಲೂ ಜೋರಾಗಿ ಓಡುತ್ತಿತ್ತು.