ಕೊನೆಯ ಎರಡು ಹಾಳೆ

ಒಂದೇ ಕಾದಂಬರಿಯನ್ನು ಎಂಟು ಸಲ ಓದಿದವಳು ನಾನು. ಇಷ್ಟಪಟ್ಟು ಓದಿದ್ದು ಎರಡು ಸಲ, ಮಿಕ್ಕಿದ್ದೆಲ್ಲ ನಮ್ಮತ್ತೆಯ ಕಾಟಕ್ಕೆ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಅಜ್ಜಂಪುರದ ನಮ್ಮ ಮನೆಗೆ ವಾಪಸು ಬಂದವಳು. ಅಕ್ಷರ ಗೊತ್ತಿರಲಿಲ್ಲ. ನಾನು ತರೀಕೆರೆಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾಲ್ಕಕ್ಷರ ಕಲಿತು, ಬರುವಾಗ ಅಲ್ಲಿನ ಉಪಾಧ್ಯಾಯಿನಿ ಕೊಟ್ಟ ಆ ಕಾದಂಬರಿಯನ್ನು ತಂದಿದ್ದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅತ್ತೆ ಮೊರದಲ್ಲಿ ಕಾಳು ಹಾಕಿಕೊಂಡು ಕೂರುವಳು, ನಾನು ಓದಬೇಕು. ಒಂದೊಂದು ವಾಕ್ಯಕ್ಕೂ ಅವಳದೊಂದು ‘ಹ್ಞೂ’. ಕೇಳುವವರು ಹ್ಞೂಗುಟ್ಟದಿದ್ದರೆ ಕಥೆ ಹೇಳುವವರಿಗೆ ಮರ್ಯಾದೆಯಿಲ್ಲ ಅನ್ನುವುದು ಅವಳ ಶಾಸ್ತ್ರ.

ಕಥೆಯ ಹೆಣ್ಣೂ ಗಂಡ ಸತ್ತು ತವರಿಗೆ ಬಂದವಳೇ. ಕೊನೆಯ ಎರಡು ಹಾಳೆಯಲ್ಲಿ ಅವಳು ನಸುಕಿಗೆ ಎದ್ದು ಹೋಗಿ ಕೆರೆಗೆ ಬೀಳುತ್ತಾಳೆ. ಅದನ್ನು ನಾನು ಮೊದಲೇ ಒಬ್ಬಳೇ ಓದಿ ಅತ್ತು ಮುಗಿಸಿದ್ದೆ. ಅತ್ತೆಗೆ ಓದುತ್ತ ಆ ಜಾಗಕ್ಕೆ ಬಂದಾಗ ಅವಳು ಕಾಳು ಆರಿಸುವುದನ್ನು ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಳು. ನನಗೆ ಆಗಲಿಲ್ಲ. ಕಣ್ಣು ಹಾಳೆಯ ಮೇಲಿಟ್ಟುಕೊಂಡೇ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಕಥೆಯವಳು ಕೆರೆಯ ತನಕ ಹೋದಳು, ಮುಖ ತೊಳೆದುಕೊಂಡಳು, ಮನೆಗೆ ಬಂದು ‘ಅಣ್ಣಯ್ಯ, ನನಗೂ ಹೊಲದಲ್ಲಿ ಒಂದು ಮೂಲೆ ಕೊಡು’ ಅಂದಳು, ಹತ್ತು ತೆಂಗಿನ ಸಸಿ ನೆಟ್ಟಳು, ಅವುಗಳ ಎಳನೀರು ಕುಡಿದಳು. ಅಷ್ಟೇ. ಎಳೆ ವಯಸ್ಸಿನ ಹುಡುಗಿಗೆ ಇನ್ನೇನು ಹೊಳೆಯುತ್ತದೆ?

ಆ ಪೇಚಾಟ ಒಂದು ದಿನದ್ದಲ್ಲ. ಪುಸ್ತಕ ಮುಗಿದರೆ ಅತ್ತೆ ಮತ್ತೆ ಮೊದಲಿಂದ ಓದು ಅನ್ನುವಳು. ಅಚ್ಚಾದದ್ದನ್ನು ನಾನು ತಪ್ಪಿ ಓದಿದರೂ ಸುಮ್ಮನಿರುವಳು, ನಾನು ಕಟ್ಟಿದ್ದರಲ್ಲಿ ಒಂದು ಮಾತು ಹೆಚ್ಚುಕಮ್ಮಿಯಾದರೆ ತಡೆಯುವಳು. ಮುಖ ತೊಳೆದುಕೊಂಡದ್ದನ್ನು ಒಂದು ಸಲ ಬಿಟ್ಟದ್ದಕ್ಕೆ ಹಾರಿಸಿ ಓದುತ್ತೀಯಾ ಎಂದು ಬೈದಿದ್ದಳು.

ಐದನೇ ಸಲ ಮುಗಿದ ವಾರವೇ ಇರಬೇಕು. ಅಪ್ಪ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅತ್ತೆ ಹೋಗಿ ಎದುರಿಗೆ ನಿಂತಳು. ಅಣ್ಣನ ಮುಂದೆ ಅವಳು ಹಾಗೆ ನಿಂತದ್ದನ್ನು ನಾನು ಕಂಡೇ ಇರಲಿಲ್ಲ.

“ಅಣ್ಣಯ್ಯ, ನಂಗೂ ಹೊಲದಾಗೆ ಒಂದ್ ಮೂಲೆ ಕೊಡು” ಅಂದಳು.

ನಾನು ಒಳಗೆ ಬಾಗಿಲ ಮರೆಗೆ ಸರಿದೆ. ಅಪ್ಪ ಗದರುತ್ತಾರೆ ಅಂದುಕೊಂಡೆ. ಅವರು ಎಲೆಗೆ ಸುಣ್ಣ ಸವರುತ್ತಲೇ, ಕಲ್ಲುಬಾವಿಯ ಪಕ್ಕದ ಮೂಲೆಯನ್ನು ತಗೋ ಅಂದರು. ಅತ್ತೆ ಹತ್ತೇ ಸಸಿ ತರಿಸಿದಳು. ಸಸಿ ಮಾರುವವನು ಹನ್ನೊಂದನೆಯದನ್ನು ಪುಕ್ಕಟೆ ಕೊಡಲು ಬಂದರೆ ಬೇಡವೆಂದಳಂತೆ.

ಆ ಸಸಿಗಳು ಮೂರು ಗರಿ ಬಿಟ್ಟಿದ್ದಾಗ ಕಡೂರಿಗೆ ಟೆಂಟಿನ ಸಿನಿಮಾ ಬಂತು. ಅಲ್ಲಿಗೆ ಕೆಲಸದ ಮೇಲೆ ಹೋಗಿದ್ದ ಅಪ್ಪನೇ ಸುದ್ದಿ ತಂದರು: ನಿಮ್ಮ ಪುಸ್ತಕದ ಕಥೆಯನ್ನೇ ಪರದೆಯ ಮೇಲೆ ಆಡಿಸುತ್ತಿದ್ದಾರಂತೆ. ನಾನು ತಲೆನೋವು ಅಂದೆ, ಬಿಸಿಲು ಅಂದೆ, ಟೆಂಟಿಗೆ ಬೆಂಕಿ ಬೀಳುತ್ತದೆ ಅಂದೆ. ಅತ್ತೆ ಒಗೆದ ಸೀರೆಯುಟ್ಟು ಅಪ್ಪನನ್ನು ಹೊರಡಿಸಿಯಾಗಿತ್ತು. ರೈಲಿನಲ್ಲಿ ಬೀರೂರು ದಾಟುವಾಗ ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಬಾಯಿಬಿಟ್ಟರೆ ಬಣ್ಣಗೇಡು. ಅತ್ತೆ ಕಿಟಕಿಯಾಚೆ ಕಂಡವರ ತೆಂಗಿನ ತೋಟ ನೋಡುತ್ತ ನಗುತ್ತಿದ್ದಳು. 

ಒಂದು ಆಸೆಯಿತ್ತು. ಆಗಿನ ಸಿನಿಮಾಕ್ಕೆ ಮಾತಿಲ್ಲ, ನಡುನಡುವೆ ಬರುವ ಅಕ್ಷರ ಅತ್ತೆಗೆ ಬಾರದು. ಕಿವಿಯಲ್ಲಿ ನಾನು ಹೇಳಿದ್ದೇ ಕಥೆ ತಾನೇ? ಆದರೆ ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ಕಥೆ ಬಿಡಿಸಿ ಹೇಳುವವನೊಬ್ಬ ನಿಂತಿದ್ದ, ಹಾಳಾದವನು, ಗಂಟಲು ಗಂಟೆಯ ಹಾಗಿತ್ತು. ಅವನ ಒಂದೊಂದು ಮಾತಿಗೂ ಅತ್ತೆ ‘ಹ್ಞೂ’ ಅನ್ನತೊಡಗಿದಳು. ಹೆಂಗಸರ ಕಡೆಯವರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ಕೆರೆ ಬಂತು. ಅತ್ತೆ ನನ್ನ ಮೊಣಕೈ ತಿವಿದು, ನೋಡೀಗ ಮುಖ ತೊಳೆಯುತ್ತಾಳೆ ಅಂದಳು. ಪರದೆಯ ಮೇಲಿನವಳು ಸೊಂಟದ ತನಕ ಇಳಿದಳು, ಕುತ್ತಿಗೆಯ ತನಕ ಇಳಿದಳು. ಆಮೇಲೆ ಬರೀ ನೀರು. ಬೆತ್ತದವನು ಸತ್ತಳು ಎಂದು ಸಾರಿದ.

ಅತ್ತೆ ಎದ್ದು ನಿಂತಳು. “ಸುಳ್ಳು. ಅವ್ಳು ಸಾಯಕಿಲ್ಲ ಕಣ್ರೀ. ನಮ್ ಹುಡ್ಗಿ ಪುಸ್ತಕ ಓದವ್ಳೆ, ಕೇಳ್ರಿ ಬೇಕಾರೆ.”

ಎಲ್ಲರೂ ನನ್ನತ್ತ ತಿರುಗಿದರು. ಪಕ್ಕದಲ್ಲಿದ್ದ ಸಾಬರ ಮನೆಯ ಹೆಂಗಸೊಬ್ಬರು, ಹೌದೇನಮ್ಮ, ಪುಸ್ತಕದಲ್ಲಿ ಬದುಕುತ್ತಾಳಾ ಎಂದು ಮೆಲ್ಲಗೆ ಕೇಳಿದರು.  ನಾನು ತಲೆ ತಗ್ಗಿಸಿದೆ. ಅತ್ತೆ ಒಂದು ಗಳಿಗೆ ನನ್ನನ್ನು ನೋಡಿ ಕೂತಳು. ಆಮೇಲೆ ಒಂದು ‘ಹ್ಞೂ’ ಕೂಡ ಬರಲಿಲ್ಲ.

ಊರಿಗೆ ಬಂದ ಮೇಲೆ ಅವಳು ಬಾವಿಯ ಕಡೆಗೆ ಹೋಗಲಿಲ್ಲ. ನಾಲ್ಕು ದಿನ ಸಸಿಗಳಿಗೆ ನಾನೇ ನೀರು ಹೊತ್ತೆ, ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಐದನೆಯ ದಿನ ಅತ್ತೆ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. ಅವಳು ಸಾಯುವುದು ಎಲ್ಲಿದೆ ತೋರಿಸು ಅಂದಳು. ಅವಳ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟೆ. ಬೆರಳು ಅಲ್ಲೇ ಇತ್ತು.

“ನಾನೂ ಒಂದ್ಸಲ ಕೆರೆ ತಂಕ ಹೋಗಿದ್ದೆ ಕಣೇ” ಅಂದಳು. “ಮುಖ ತೊಳ್ಕಂಡು ಬಂದ್ಬಿಟ್ಟೆ. ಯಾರ್ಗೂ ಹೇಳ್ನಿಲ್ಲ. ನೀ ಓದ್ದಾಗ, ನನ್ ಹಂಗೇ ಇನ್ನೊಬ್ಳು ವಾಪಸ್ ಬಂದವ್ಳಲ್ಲ ಅನ್ಕಂಡಿದ್ದೆ.”

ತಪ್ಪಾಯಿತು ಅತ್ತೆ ಅಂದೆನೋ, ಅಳುತ್ತ ಕೂತೆನೋ, ಈಗ ನೆನಪಿಲ್ಲ. ಆ ‘ಇನ್ನೊಬ್ಬಳ’ನ್ನು ನಾನು ಎಲ್ಲಿಂದ ತಂದು ಕೊಡಲಿ?

ಮರುದಿನ ಮಧ್ಯಾಹ್ನ ಮೊರ ಹಿಡಿದು ಬಂದು ಕೂತಳು. ಕೊನೆಯ ಎರಡು ಹಾಳೆಯನ್ನು ಗಂಜಿ ಸವರಿ ಅಂಟಿಸಿದ್ದಳು. ಇನ್ನೂ ಹಸಿಯಾಗಿತ್ತು. ಮೊದಲಿನ ಹಾಗೇ ಓದು ಅಂದಳು. ಬಾಯಿ ತೆರೆದೆ. ಅಷ್ಟು ಸಲ ಹೇಳಿದ ಮಾತು, ಒಂದೂ ಹೊರಡಲಿಲ್ಲ.

ಅವಳು ಸ್ವಲ್ಪ ಕಾದು, ಕಾಳು ಆರಿಸುತ್ತಲೇ ತಾನೇ ಹೇಳತೊಡಗಿದಳು. “ಕೆರೆ ತಂಕ ಹೋದ್ಲು.”

“ಹ್ಞೂ” ಅಂದೆ.

“ಮುಖ ತೊಳ್ಕಂಡ್ಲು. ಮನೆಗ್ ಬಂದು, ಅಣ್ಣಯ್ಯ ನಂಗೂ ಒಂದ್ ಮೂಲೆ ಕೊಡು ಅಂದ್ಲು. ಹತ್ ಸಸಿ ನೆಟ್ಲು.”

“ಹ್ಞೂ.”

ಎಳನೀರಿನ ಮಾತು ಬಾಕಿಯಿತ್ತು. ನಾನು ಇನ್ನೊಂದು ಸಲ ಹ್ಞೂ ಅಂದೆ. “ಸಸಿ ಇನ್ನೂ ಮೂರೇ ಗರಿ ಬಿಟ್ಟವೆ ಕಣೇ” ಅಂದಳು.