ಹನೂರು ಬಸ್ಸಿಗೆ ಒಂದು ಮಾತ್ರೆ ಕಡಿಮೆ

ವರ್ಷಗಟ್ಟಲೆ ಛಂದಸ್ಸು ಕಲಿಸಿದವನ ಹೆಬ್ಬೆರಳು ಅವನ ಮಾತು ಕೇಳುವುದಿಲ್ಲ. ಯಾರೇ ಬಾಯಿ ತೆರೆದರೂ ಅದು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತ ಮಾತ್ರೆ ಎಣಿಸತೊಡಗುತ್ತದೆ. ಹೆಂಡತಿ ಬೈಯುವಾಗಲೂ ನಾನು ಲಘು-ಗುರು ಹಾಕುತ್ತ ಕುಳಿತಿರುತ್ತಿದ್ದೆ. ಬೈದದ್ದು ಯಾವುದಕ್ಕೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಓದುಗ ಮಿತ್ರರೇ, ಕಾವ್ಯಾನಂದವು ಬ್ರಹ್ಮಾನಂದ ಸಹೋದರವೆಂದು ಗಂಟಲು ಹರಿಯುವಂತೆ ಪಾಠ ಹೇಳಿದವನಿಗೆ ಕೊನೆಗೆ ದಕ್ಕಿದ್ದು ಈ ಬೆರಳುನೋವು ಮತ್ತು ತೀರದ ದಣಿವು.

ಅರವತ್ತರ ದಶಕದಲ್ಲಿ, ಕೊಳ್ಳೇಗಾಲದ ನಮ್ಮ ಪಕ್ಕದ ಮನೆಯಲ್ಲಿ ಮರಿಸ್ವಾಮಿ ರೇಷ್ಮೆ ಸೀರೆ ನೇಯುತ್ತಿದ್ದ. ನೇಯುವಾಗ ತಾನೇ ಕಟ್ಟಿದ ಪದವೊಂದನ್ನು ಹಾಡುತ್ತಿದ್ದ. ಹಾಡಿಲ್ಲದೆ ಅವನ ಕೈಕಾಲು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಜಗುಲಿಗೆ ಬಂದು, ಅದು ಪದ್ಯ ಅನ್ನಿಸಿಕೊಳ್ಳುತ್ತದೆಯೇ ಎಂದು ಸಂಕೋಚದಿಂದ ಕೇಳಿದ.

ಬತ್ತದೆ ಬತ್ತದೆ ಹನೂರ ಬಸ್ಸು
ಹತ್ತದೆ ಹತ್ತದೆ ನರೀತು ಮೀಸೆ

ಉತ್ತರಪತ್ರಿಕೆ ತಿದ್ದಿ ಸೋತಿದ್ದ ನನಗೆ ನಗಬೇಕೆಂಬುದೇ ಹೊಳೆಯಲಿಲ್ಲ. ಆದಿಪ್ರಾಸ ಚೆನ್ನಾಗಿದೆ, ‘ಬರುತ್ತದೆ, ಬರುತ್ತದೆ’ ಎಂದು ಪದ ಇಮ್ಮಡಿಸಿ ಕಾಯುವವನ ಬೇಸರವೂ ಇಮ್ಮಡಿಸಿದೆ ಎಂದೆಲ್ಲ ವ್ಯಾಖ್ಯಾನಿಸಿ, ನಾಲ್ಕು ನಾಲ್ಕು ಮಾತ್ರೆಗಳ ಲೆಕ್ಕದಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಕಡಿಮೆ ಬಿದ್ದಿದೆಯೆಂದು ತೀರ್ಪು ಕೊಟ್ಟೆ. ಬೆರಳಿನಲ್ಲಿ ಎಣಿಸುವ ಬಗೆಯನ್ನೂ ಕಲಿಸಿದೆ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಶ್ರದ್ಧೆಯಿಂದ ಕಲಿತಿರಲಿಲ್ಲ.

ಆ ವಾರ ಹಾಡು ಕೇಳಿಸಲಿಲ್ಲ. ಹೋಗಿ ನೋಡಿದರೆ ಮರಿಸ್ವಾಮಿ ಲಾಳಿ ಹಿಡಿದು ಸುಮ್ಮನೆ ಕುಳಿತಿದ್ದ. ಮುಂದಿನ ಸೋಮವಾರ ಮದುವೆಗೆ ಕೊಡಬೇಕಾದ ಧಾರೆ ಸೀರೆ ಅರ್ಧಕ್ಕೆ ನಿಂತಿತ್ತು. ನಾನು ಹೇಳಿದ್ದನ್ನೆಲ್ಲ ಮರೆತುಬಿಡು ಎಂದೆ.

“ಎಂಗ್ ಮರೀಲಿ ಸಾ? ಪದ ಬಾಯ್ಗೆ ಬಂದೇಟ್ಗೆ ಬೆರಳು ಎಣಿಸ್ತದೆ. ಎರಡು ಕೈಯೂ ಮಗ್ಗಕ್ಕೆ ಬೇಕು ಕಣ್ರಿ.”

ನಾಚಿಕೆಯಿಂದ ಕುಗ್ಗಿಹೋದೆ. ಬೇರೆ ದಾರಿ ಕಾಣದೆ ಅಲ್ಲೇ ಕುಳಿತು, ತರಗತಿಯ ಒಡಕು ದನಿಯಲ್ಲಿ ಅವನ ಪದವನ್ನು ನಾನೇ ಹಾಡತೊಡಗಿದೆ. ಎರಡನೆಯ ಸಲಕ್ಕೆ ಲಾಳಿ ಓಡಿತು. ‘ಬಸ್ಸು’ ಎಂದು ಸಾಲು ಮುಗಿದೊಡನೆ ಮಗ್ಗದ ಹಲಗೆ ಒಮ್ಮೆ ಬಡಿಯಿತು. ‘ಮೀಸೆ’ ಎಂದಾಗ ಇನ್ನೊಮ್ಮೆ. ನಾನು ಕಡಿಮೆ ಬಿದ್ದಿದೆಯೆಂದ ಮಾತ್ರೆ ಅದೇ ಆಗಿತ್ತು. ಹಾಗೆಂದು ಹೇಳಲು ಬಾಯಿಗೆ ಬಿಡುವಿರಲಿಲ್ಲ. ನಾನು ನಿಲ್ಲಿಸಿದರೆ ಅವನ ಕೈ ನಿಲ್ಲುತ್ತಿತ್ತು.

ದಿನವೂ ಶಾಲೆ ಬಿಟ್ಟು ಬಂದು ಹಾಡಿದೆ. ಐದನೆಯ ಸಂಜೆ ಗಂಟಲು ಕಟ್ಟಿ ‘ಹತ್ತದೆ ಹತ್ತದೆ’ ಎಂಬಲ್ಲಿಗೆ ನನ್ನ ದನಿ ನಿಂತುಹೋಯಿತು. ಲಾಳಿ ನಿಲ್ಲಲಿಲ್ಲ. ಉಳಿದರ್ಧವನ್ನು ಮರಿಸ್ವಾಮಿ, ನನ್ನ ಕಡೆ ನೋಡದೆಯೇ, ಹಾಡಿದ.